ಮಿನಿ ಟ್ರ್ಯಾಕ್ಟರ್ ಹೊಸದಾಗಿ ತಗೊಂಡವರಿಗೆ

ಮಂಡ್ಯ, ಮದ್ದೂರು ಕಡೆ ತೆಂಗಿನ ತೋಟಕ್ಕೆ ಅಂತ ಮಿನಿ ಟ್ರ್ಯಾಕ್ಟರ್ ತಗೊಂಡವರು ಗ್ರೂಪಲ್ಲಿ ಇದ್ದೀರಿ ಅಲ್ವಾ? ಗೇರು, ಕ್ಲಚ್ಚು ಎಲ್ಲರಿಗೂ ಬರುತ್ತೆ. ಗೊಂದಲ ಇರೋದು ಸೀಟಿನ ಪಕ್ಕ ಇರುವ, ಹಿಂದಿನ ಉಪಕರಣ ಎತ್ತಿ ಇಳಿಸುವ ಹೈಡ್ರಾಲಿಕ್ ಲಿವರ್‌ಗಳಲ್ಲಿ.

ಒಂದು ಪೊಸಿಷನ್ ಕಂಟ್ರೋಲ್. ಲಿವರ್ ಎಲ್ಲಿ ನಿಲ್ಲಿಸುತ್ತೀರೋ ಅದಕ್ಕೆ ತಕ್ಕ ಎತ್ತರದಲ್ಲಿ ಉಪಕರಣ ನಿಲ್ಲುತ್ತದೆ. ಮಣ್ಣು ಪುಡಿ ಮಾಡುವ ರೋಟವೇಟರ್‌ಗೆ ಇದೇ ಸರಿ. ಇನ್ನೊಂದು ಡ್ರಾಫ್ಟ್ ಕಂಟ್ರೋಲ್, ನೇಗಿಲಿಗೆ, ಕಲ್ಟಿವೇಟರ್‌ಗೆ. ಗಟ್ಟಿ ಮಣ್ಣು ಸಿಕ್ಕಿ ಎಳೆತ ಜಾಸ್ತಿಯಾದರೆ ನೇಗಿಲನ್ನು ತಾನೇ ಸ್ವಲ್ಪ ಮೇಲೆತ್ತುತ್ತದೆ. ಇಂಜಿನ್ ಉಸಿರು ಕಟ್ಟಿ ನಿಲ್ಲುವುದಿಲ್ಲ. ಸುಮ್ನೆ ಎರಡನ್ನೂ ಒಟ್ಟಿಗೆ ಎಳೆದಾಡಬೇಡಿ.

ಪಿಟಿಒ (ಇಂಜಿನ್ ಶಕ್ತಿಯಿಂದ ರೋಟವೇಟರ್‌ನಂಥ ಉಪಕರಣ ತಿರುಗಿಸುವ ಹಿಂದಿನ ಶಾಫ್ಟ್) ಹಾಕುವಾಗ ಇಂಜಿನ್ ನಿಧಾನ ಇರಲಿ, ಕ್ಲಚ್ ಪೂರ್ತಿ ಒತ್ತಿ. ಆಮೇಲೆ ಮೀಟರ್‌ನಲ್ಲಿ 540 ಪಿಟಿಒ ಗುರುತಿನ ತನಕ (ಅಂದರೆ ಶಾಫ್ಟ್ ನಿಮಿಷಕ್ಕೆ 540 ಸುತ್ತು) ಏರಿಸಿ. ರೋಟವೇಟರ್‌ಗೆ ಕಬ್ಬಿನ ತರಗು ಸುತ್ತಿಕೊಂಡರೆ ಇಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡೇ ಕೈ ಹಾಕಿ. ತಿರುಗುವ ಶಾಫ್ಟ್ ಹತ್ತಿರ ಪಂಚೆ, ಟವೆಲ್ ಬೇಡವೇ ಬೇಡ.

ಕೆಸರಿನಲ್ಲಿ ಒಂದೇ ಚಕ್ರ ಸುಮ್ನೆ ತಿರುಗಿದರೆ ಹಿಂದಿನ ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಮಾಡುವ ಡಿಫರೆನ್ಷಿಯಲ್ ಲಾಕ್ ಒತ್ತಿ. ನೇರ ಹೋಗುವಾಗ ಮಾತ್ರ. ತಿರುಗಿಸುವ ಮೊದಲು ಬಿಡಿ.

ಬ್ರೇಕ್ ಪೆಡಲ್ ಎರಡಿವೆ. ಹೊಲದಲ್ಲಿ ಬಿಗಿಯಾಗಿ ತಿರುಗಿಸಲು ಒಂದೊಂದೇ ಒತ್ತಬಹುದು. ರಸ್ತೆಗೆ ಬಂದರೆ ಎರಡನ್ನೂ ಕೂಡಿಸಿ ಲಾಕ್ ಮಾಡಲೇಬೇಕು. ಇಲ್ಲದಿದ್ದರೆ ಜೋರಾಗಿ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆದು ಮಗುಚಬಹುದು. ಹಾಗೇ, ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಗೆ 2023ರ ಆಗಸ್ಟ್‌ನಲ್ಲೇ ಟ್ರ್ಯಾಕ್ಟರ್ ನಿಷೇಧ ಮಾಡಿದ್ದಾರೆ. ಸರ್ವಿಸ್ ರಸ್ತೆಯಲ್ಲೇ ಹೋಗಿ.