ಹುಲ್ಲುಗಾವಲಿಗೆ ಆರೋಗ್ಯದ ಮಾನದಂಡ ಬರೆದ ಬಗೆ

ಅಮೆರಿಕದ ಭೂ ನಿರ್ವಹಣಾ ಬ್ಯೂರೋದ ಸುಪರ್ದಿಯಲ್ಲಿ ಸುಮಾರು 24.5 ಕೋಟಿ ಎಕರೆ ಸಾರ್ವಜನಿಕ ಭೂಮಿಯಿದೆ. ಅದರ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ಪರವಾನಗಿ ಪಡೆದವರು ದನ, ಕುರಿ ಮೇಯಿಸುತ್ತಾರೆ. ಈ ನೆಲದ ಆರೋಗ್ಯಕ್ಕೆ ಮಾನದಂಡ ಇರಲೇಬೇಕೆಂಬ ನಿಯಮ ಬಂದದ್ದು 1995ರಲ್ಲಿ. ಜಲಾನಯನದ ಸ್ಥಿತಿ, ನೀರು ಮತ್ತು ಪೋಷಕಾಂಶಗಳ ಚಕ್ರ, ನೀರಿನ ಗುಣಮಟ್ಟ, ವನ್ಯಜೀವಿಗಳ ನೆಲೆ ಎಂಬ ನಾಲ್ಕು ತಳಹದಿಯನ್ನು ಅದು ಹಾಕಿಕೊಟ್ಟಿತು. ಅವುಗಳ ಮೇಲೆ ಆಯಾ ರಾಜ್ಯಕ್ಕೆ ಹೊಂದುವ ಮಾನದಂಡಗಳು ರೂಪುಗೊಂಡವು. ಮಣ್ಣು ತನ್ನ ಸಾಮರ್ಥ್ಯಕ್ಕೆ ತಕ್ಕಂತೆ ನೀರು ಇಂಗಿಸಿಕೊಳ್ಳಬೇಕು ಎಂಬಂಥ ಮಾತುಗಳು ಅವು. ಒಪ್ಪತಕ್ಕ ಮಾತೇ. ಆದರೆ ಬಯಲಿನಲ್ಲಿ ನಿಂತವರಿಗೆ ಎಷ್ಟು ಇಂಗಿದರೆ ಸಾಕು ಎಂಬುದು ತಿಳಿಯಬೇಕಲ್ಲ? ಸೇಜ್‌ಬ್ರಷ್ ಪೊದೆಗಳ ಒಣ ಬಯಲೊಂದಕ್ಕೆ ಆ ‘ಎಷ್ಟು’ ಎಂಬುದನ್ನು ಗೊತ್ತುಪಡಿಸುವ ತಂಡದಲ್ಲಿ ನಾನಿದ್ದೆ.

ಇಡೀ ಬಯಲಿಗೆ ಒಂದೇ ಅಂಕಿ ಕೊಡಿ, ಕೆಲಸ ಸುಲಭವಾಗುತ್ತದೆ ಎಂಬ ಒತ್ತಾಯ ಮೊದಲಿನಿಂದಲೂ ಇತ್ತು. ನಾನು ಅದಕ್ಕೆ ಒಪ್ಪಲಿಲ್ಲ. ವರ್ಷಕ್ಕೆ 300 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಕಡೆಯಲ್ಲೂ ಆಳವಾದ ಗೋಡು ಮಣ್ಣು ಬೆಳೆಸುವ ಹುಲ್ಲನ್ನು ಕಲ್ಲು ತುಂಬಿದ ತೆಳು ಮಣ್ಣು ಬೆಳೆಸಲಾರದು. ಹಾಗಾಗಿ ಗಿಡ ಎಣಿಸುವ ಮೊದಲು ಗುಂಡಿ ತೋಡಿದೆವು. ಮಣ್ಣಿನ ಆಳ, ಜಿಗುಟು, ಸುಣ್ಣದ ಪದರ ನೋಡಿ ಇದು ಯಾವ ಬಗೆಯ ನೆಲ ಎಂದು ನಿರ್ಧರಿಸಿ, ಅದೇ ಬಗೆಯ, ಕೆಡದೆ ಉಳಿದ ಜಾಗವನ್ನು ಅಳತೆಗೋಲಾಗಿ ಇಟ್ಟುಕೊಂಡೆವು. ಅಂಥ ಜಾಗ ಹುಡುಕುವುದೇ ಇಡೀ ಕೆಲಸದ ಕಷ್ಟದ ಭಾಗ. ನೀರಿನ ತೊಟ್ಟಿಯಿಂದ ದೂರವಿದ್ದು, ಬೆಂಕಿಗೂ ಸಿಗದೆ ಉಳಿದ ತುಂಡುಗಳು ಅಲ್ಲೊಂದು ಇಲ್ಲೊಂದು ಮಾತ್ರ ಸಿಗುತ್ತವೆ.

ಅಳತೆಗಳಲ್ಲಿ ನನಗೆ ಅತ್ಯಂತ ಭರವಸೆ ಹುಟ್ಟಿಸಿದ್ದು ಮಣ್ಣಿನ ಹೆಂಟೆಯ ಪರೀಕ್ಷೆ. ಮೇಲ್ಪದರದಿಂದ 6ರಿಂದ 8 ಮಿಲಿಮೀಟರ್ ಅಗಲದ ಚೂರನ್ನು ಪುಡಿಯಾಗದಂತೆ ಎತ್ತಿ, ಸಣ್ಣ ಜರಡಿಯಲ್ಲಿಟ್ಟು ಶುದ್ಧ ನೀರಿನಲ್ಲಿ ಮುಳುಗಿಸಬೇಕು. ಕೆಲವು ಚೂರುಗಳು ಐದು ಸೆಕೆಂಡು ಕಳೆಯುವುದರೊಳಗೆ ಕರಗಿ ಕೆಸರಾಗುತ್ತವೆ. ಅವಕ್ಕೆ 1 ಅಂಕ. ಐದು ನಿಮಿಷ ನೆನೆದು, ಐದು ಸಲ ಅದ್ದಿ ತೆಗೆದ ಮೇಲೂ ಮುಕ್ಕಾಲು ಪಾಲು ಉಳಿದರೆ 6. ಒಂದೇ ಜಾಗದಲ್ಲಿ ಹುಲ್ಲಿನ ಬುಡದ ಮಣ್ಣಿಗೆ 6 ಬಂದು, ಒಂದು ಗೇಣು ಆಚೆಯ ಬರಿನೆಲಕ್ಕೆ 1 ಬರುವುದುಂಟು. ಬೇರು, ಶಿಲೀಂಧ್ರದ ಎಳೆ, ಪಾಚಿ, ಕಲ್ಲುಹೂವು ಸೇರಿ ಮಣ್ಣಿನ ಕಣಗಳನ್ನು ಕಟ್ಟಿಹಾಕಿರುವುದೇ ಈ ವ್ಯತ್ಯಾಸಕ್ಕೆ ಕಾರಣ. ಗೊರಸಿನಡಿ ಆ ಕಟ್ಟು ಒಡೆದರೆ ಮೊದಲ ಜೋರು ಮಳೆಗೇ ಮಣ್ಣು ಹೊರಟುಹೋಗುತ್ತದೆ.

ಈ ವ್ಯತ್ಯಾಸ ಕಂಡಮೇಲೆ ಖಾಲಿ ಜಾಗವನ್ನು ಅಳೆಯಲೇಬೇಕೆಂದು ನಾನು ಹಟ ಹಿಡಿದೆ. ಟೇಪು ಎಳೆದು, ಎಲೆಯ ನೆರಳಿಲ್ಲದ 20 ಸೆಂಟಿಮೀಟರಿಗೂ ಉದ್ದದ ಪ್ರತಿಯೊಂದು ತೆರಪನ್ನೂ ಬರೆದುಕೊಳ್ಳುತ್ತೇವೆ. ಶೇಕಡಾವಾರು ಹೊದಿಕೆ, ಅಂದರೆ ಗಿಡಗಳು ಮುಚ್ಚಿದ ನೆಲದ ಪಾಲು, ಎರಡು ಜಾಗಗಳಲ್ಲಿ ಒಂದೇ ಇರಬಹುದು. ಆದರೆ ಒಂದರಲ್ಲಿ ತೆರಪುಗಳು ಚಿಕ್ಕವಾಗಿ ಹರಡಿದ್ದರೆ ಹರಿಯುವ ನೀರನ್ನು ಹೆಜ್ಜೆಹೆಜ್ಜೆಗೂ ಹುಲ್ಲು ತಡೆಯುತ್ತದೆ. ಇನ್ನೊಂದರಲ್ಲಿ ಅವು ಒಂದಕ್ಕೊಂದು ಕೂಡಿಕೊಂಡಿದ್ದರೆ ಅಲ್ಲೇ ಕೊರಕಲು ಹುಟ್ಟುತ್ತದೆ. ಸರಾಸರಿ ಹೊದಿಕೆಯನ್ನಷ್ಟೇ ಮಾನದಂಡ ಮಾಡಿಕೊಂಡವರಿಗೆ ಈ ಎರಡೂ ಜಾಗ ಸಮನಾಗಿಯೇ ಕಾಣುತ್ತವೆ.

ವಸಂತದಲ್ಲಿ ಬಯಲು ನೋಡಲು ಬಂದವರಿಗೆ ಇನ್ನೊಂದು ತೊಡಕಿದೆ. ಚೀಟ್‌ಗ್ರಾಸ್ ಹಬ್ಬಿದ ಇಳಿಜಾರು ಆಗ ಉಳಿದೆಲ್ಲ ಕಡೆಗಿಂತ ಹಸಿರಾಗಿರುತ್ತದೆ. ಯುರೇಷ್ಯಾದಿಂದ ಬಂದ ಈ ಏಕವಾರ್ಷಿಕ ಹುಲ್ಲು ಬೇಸಿಗೆಯ ಆರಂಭದಲ್ಲೇ ಒಣಗಿ, ಪೊದೆಯಿಂದ ಪೊದೆಗೆ ಬೆಂಕಿ ಹಬ್ಬಲು ದಾರಿ ಮಾಡಿಕೊಡುತ್ತದೆ. ಸೇಜ್‌ಬ್ರಷ್ ಸುಟ್ಟ ಮೇಲೆ ಬುಡದಿಂದ ಚಿಗುರುವ ಗಿಡವಲ್ಲ. ಚೀಟ್‌ಗ್ರಾಸ್ ಬೀಜ ಮಾತ್ರ ಮತ್ತೆ ಮೊಳೆಯುತ್ತದೆ. ಆದ್ದರಿಂದ ‘ಸಸ್ಯ ಹೊದಿಕೆ’ ಎಂಬ ಒಂದೇ ಸಾಲನ್ನು ತೆಗೆದುಹಾಕಿ, ಬುಡಕಟ್ಟಿ ಬೆಳೆಯುವ ಬಹುವಾರ್ಷಿಕ ಹುಲ್ಲು, ಪೊದೆ, ಏಕವಾರ್ಷಿಕ ಕಳೆ ಎಂದು ಮೂರು ಸಾಲು ಮಾಡಿಸಿದೆ. ಸೇಜ್ ಗ್ರೌಸ್ ಹಕ್ಕಿ ಗೂಡು ಕಟ್ಟುವ ಕಡೆ ಪೊದೆಯ ಹೊದಿಕೆ ಶೇ 15ರಿಂದ 25, ಹುಲ್ಲಿನ ಎತ್ತರ 18 ಸೆಂಟಿಮೀಟರಿಗೆ ಕಡಿಮೆಯಿಲ್ಲದಂತೆ ಇರಲಿ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಳತೆ. ಅದನ್ನು ಗೂಡಿನ ನೆಲೆಗಳಿಗೆ ಮಾತ್ರ ಸೇರಿಸಿದೆವು. ಹಳ್ಳದ ದಂಡೆಗಳಿಗೆ ಪ್ರತ್ಯೇಕ ಹಾಳೆ. ಅಲ್ಲಿ ವಿಲೋ ಗಿಡ ಮತ್ತು ದಂಡೆಯ ಗಟ್ಟಿತನವೇ ಮುಖ್ಯ.

ಸ್ಥಿತಿಯ ಹಾಳೆಯನ್ನೂ ಕಾರಣದ ಹಾಳೆಯನ್ನೂ ಬೇರೆ ಮಾಡಿದ್ದು ನನಗೆ ಅತಿ ಮುಖ್ಯವೆನಿಸುತ್ತದೆ. ಮೇಯುವಿಕೆಯೇ ಪ್ರಮುಖ ಕಾರಣವೆಂದು ತೀರ್ಮಾನವಾದರೆ ಮುಂದಿನ ಮೇಯಿಸುವ ವರ್ಷ ಶುರುವಾಗುವುದರೊಳಗೆ ಕ್ರಮ ಕೈಗೊಳ್ಳಬೇಕೆಂದು ನಿಯಮ ಹೇಳುತ್ತದೆ. ಒಂದು ಕುಟುಂಬದ ಜೀವನವೇ ಅದರ ಮೇಲೆ ನಿಂತಿರುವಾಗ, ಮಣ್ಣು ನೋಡುವವರ ಕಣ್ಣಿಗೆ ದನ ಬೀಳಬಾರದು. ಮೊದಲು ಈ ನೆಲ ಹೇಗಿದೆ ಎಂದು ಬರೆದು ಸಹಿ ಹಾಕುತ್ತೇವೆ. ಬರಗಾಲ, ಬೆಂಕಿ, ಕಾಡುಕುದುರೆ, ವಾಹನದ ದಾರಿ, ದನ ಇವುಗಳಲ್ಲಿ ಯಾವುದರ ಪಾಲೆಷ್ಟು ಎಂಬ ಚರ್ಚೆ ಆಮೇಲೆ. “ತಪ್ಪನ್ನೆಲ್ಲ ನನ್ನ ದನಗಳ ಮೇಲೆ ಹಾಕಲು ಬಂದಿದ್ದೀರಿ” ಎಂದು ಸಿಟ್ಟಾಗಿದ್ದ ಹಿರಿಯ ದನಗಾರರೊಬ್ಬರು ಹೆಂಟೆಯ ಪರೀಕ್ಷೆಯನ್ನು ತಾವೇ ಮಾಡಿ ನೋಡಿದರು. ಆಮೇಲೆ ತೊಟ್ಟಿಯನ್ನು ಎಲ್ಲಿಗೆ ಸರಿಸಿದರೆ ಒಳ್ಳೆಯದು ಎಂದು ಅವರೇ ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿದರು.

ಕೊನೆಗೂ ಬಗೆಹರಿಯದೆ ಉಳಿದದ್ದು ಪೂರ್ತಿ ಚೀಟ್‌ಗ್ರಾಸ್ ಆಗಿಹೋದ ಜಾಗಗಳ ಪ್ರಶ್ನೆ. ಮರಳಿ ಬಾರದ ಸ್ಥಿತಿಗೆ ಹಳೆಯ ಮಾನದಂಡ ಏಕೆ, ಹೊಸದಾಗಿ ಕೆಳಮಟ್ಟದ್ದೊಂದನ್ನು ಬರೆಯಿರಿ ಎಂದು ಕೆಲವರು ವಾದಿಸಿದರು. ನಾನು ಬಲವಾಗಿ ವಿರೋಧಿಸಿದೆ, ಈಗಲೂ ವಿರೋಧಿಸುತ್ತೇನೆ. ಕೆಟ್ಟ ನೆಲಕ್ಕೆ ತಕ್ಕಂತೆ ಅಳತೆ ಇಳಿಸಿದರೆ, ಕೆಡಿಸಿದಷ್ಟೂ ಪಾಸಾಗುವುದು ಸುಲಭವಾಗುತ್ತದೆ. ಆ ಜಾಗಗಳ ಹಾಳೆಯಲ್ಲಿ ‘ಮಾನದಂಡ ತಲುಪಿಲ್ಲ’ ಎಂದೇ ಬರೆದು, ಕೆಳಗೆ ಚೇತರಿಕೆಯ ಮೊದಲ ಗುರಿಯನ್ನು ಬೇರೆಯಾಗಿ ನಮೂದಿಸುವುದೆಂದು ಸದ್ಯಕ್ಕೆ ತೀರ್ಮಾನವಾಗಿದೆ: ಬಿತ್ತಿದ ಬಹುವಾರ್ಷಿಕ ಹುಲ್ಲು ಎಳೆದರೆ ಕಿತ್ತುಬಾರದಷ್ಟು ಬೇರೂರುವವರೆಗೆ ಅಲ್ಲಿ ಮೇಯಿಸುವಂತಿಲ್ಲ.