ಎರಡು ದಿನಕ್ಕೆ ದುಬೈ: ಗೆಳೆಯನ ಮನೆಗೆ ಹೋಗಿಬರುವುದು ಹೇಗೆ?

ಮಂಜೇಶ್ವರ, ಕುಂಬಳೆ, ಕಾಸರಗೋಡಿನವರಿಗೆ ದುಬೈಯಲ್ಲೋ ಶಾರ್ಜಾದಲ್ಲೋ ಒಬ್ಬ ಗೆಳೆಯನಾದರೂ ಇದ್ದೇ ಇರುತ್ತಾನೆ. ಮಂಗಳೂರಿನಿಂದ ವಿಮಾನ ಏರಿದರೆ ನಾಲ್ಕು ಗಂಟೆಯೊಳಗೆ ಅಲ್ಲಿ. ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗುವುದಕ್ಕಿಂತ ಬೇಗ. ಶುಕ್ರವಾರ ಹೊರಟು ಸೋಮವಾರ ಬೆಳಗ್ಗೆ ಮನೆಗೆ ಮರಳಬಹುದು. ಆದರೆ ಟಿಕೆಟ್ ಅಗ್ಗಕ್ಕೆ ಸಿಕ್ಕಿತೆಂದು ಅಲ್ಲಿಂದಲೇ ಶುರು ಮಾಡಿದರೆ ಕೆಲಸ ಕೆಡುತ್ತದೆ. ಮೊದಲು ವಿಚಾರಿಸಬೇಕಾದ್ದು ಗೆಳೆಯನ ರಜೆ.

ಯುಎಇಯಲ್ಲಿ 2022ರಿಂದ ಸರಕಾರಿ ರಜೆ ಶನಿವಾರ, ಭಾನುವಾರ. ಶುಕ್ರವಾರ ಅರ್ಧ ದಿನ ಕೆಲಸ. ಶಾರ್ಜಾದ ಸರಕಾರಿ ಕಚೇರಿಗಳಿಗೆ ಶುಕ್ರವಾರವೂ ಸೇರಿ ಮೂರು ದಿನ ರಜೆ. ಇದನ್ನು ನಂಬಿ ಹೊರಡಬೇಡಿ. ಸೂಪರ್ ಮಾರ್ಕೆಟ್, ಹೋಟೆಲು, ಆಸ್ಪತ್ರೆಯಲ್ಲಿ ದುಡಿಯುವವರಿಗೆ ವಾರದ ರಜೆ ಒಂದೇ ದಿನ, ಅದೂ ಪಾಳಿಯ ಮೇಲೆ. ಆತನ ಡ್ಯೂಟಿ ಪಟ್ಟಿ ಕೈಗೆ ಬಂದಮೇಲೆ ದಿನ ಗೊತ್ತುಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 40 ಡಿಗ್ರಿ ದಾಟುವ ಸೆಕೆ. ನವೆಂಬರ್‌ನಿಂದ ಮಾರ್ಚ್ ತನಕ ತಿರುಗಾಡಲು ಹಿತ.

ಪಾಸ್‌ಪೋರ್ಟಿನ ಹೆಸರು

ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು ಎಂಬುದು ಎಲ್ಲರಿಗೂ ಗೊತ್ತು. ನಮ್ಮ ಕಡೆಯವರು ಸಿಕ್ಕಿಬೀಳುವುದು ಹೆಸರಿನಲ್ಲಿ. ಸರ್‌ನೇಮ್ ಕಾಲಂ ಖಾಲಿ ಬಿಟ್ಟು ಒಂದೇ ಹೆಸರು ಬರೆಸಿದ ಪಾಸ್‌ಪೋರ್ಟುಗಳು ಇಲ್ಲಿ ಧಾರಾಳ. ಒಂಟಿ ಹೆಸರಿನವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶವಿಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ಮಾಡಿತು. ಕಾಲಂ ಖಾಲಿಯಿದ್ದರೆ ಮನೆತನದ ಹೆಸರನ್ನೋ ತಂದೆಯ ಹೆಸರನ್ನೋ ಸೇರಿಸಿ ಪಾಸ್‌ಪೋರ್ಟ್ ಮರುವಿತರಣೆಗೆ ಹಾಕಿ. ಕಾಸರಗೋಡಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರದಲ್ಲಿ ಅಥವಾ ಪಯ್ಯನ್ನೂರಿನಲ್ಲಿ ಆಗುತ್ತದೆ. ಪೊಲೀಸ್ ಪರಿಶೀಲನೆ ಬಂದರೆ ವಾರಗಳೇ ಹಿಡಿಯುತ್ತವೆ.

ವೀಸಾ

ಪ್ರವಾಸಿ ವೀಸಾ 30 ದಿನ ಅಥವಾ 60 ದಿನದ್ದು. ಎರಡು ದಿನಕ್ಕೆ ಹೋಗುವವರಿಗೂ 30 ದಿನದ್ದೇ. ವಿಮಾನ ಸಂಸ್ಥೆ ಅಥವಾ ಟ್ರಾವೆಲ್ ಏಜೆನ್ಸಿ ಮೂಲಕ ಮಾಡಿಸಬಹುದು. 2024ರ ಕೊನೆಯಿಂದ ತಪಾಸಣೆ ಬಿಗಿಯಾಗಿದೆ: ಮರಳುವ ಟಿಕೆಟ್, ಹೋಟೆಲ್ ಬುಕಿಂಗ್, ಖರ್ಚಿಗೆ ಹಣವಿದೆ ಎಂಬ ದಾಖಲೆ ಕೇಳುತ್ತಾರೆ. ಗೆಳೆಯನ ಮನೆಯಲ್ಲೇ ಉಳಿಯುವುದಾದರೆ ಹೋಟೆಲ್ ಬುಕಿಂಗ್ ಬದಲು ಆತನ ಎಮಿರೇಟ್ಸ್ ಐಡಿ (ಅಲ್ಲಿನ ನಿವಾಸಿಗಳ ಗುರುತಿನ ಚೀಟಿ) ಮತ್ತು ಬಾಡಿಗೆ ಕರಾರಿನ ಪ್ರತಿ ಬೇಕು. ಇಲ್ಲೊಂದು ತೊಡಕಿದೆ. ಗೆಳೆಯ ಇರುವುದು ಬೆಡ್ ಸ್ಪೇಸಿನಲ್ಲಾದರೆ, ಅಂದರೆ ಹಲವರಿರುವ ಕೋಣೆಯಲ್ಲಿ ಒಂದು ಮಂಚದಷ್ಟು ಜಾಗ ಹಿಡಿದಿದ್ದರೆ, ಕರಾರು ಇನ್ನೊಬ್ಬರ ಹೆಸರಲ್ಲಿರುತ್ತದೆ. ಕಂಪನಿ ರೂಮಾದರೆ ಹೊರಗಿನವರು ರಾತ್ರಿ ತಂಗಲು ಸಾಮಾನ್ಯವಾಗಿ ಬಿಡುವುದಿಲ್ಲ. ಆತ ಸಂಕೋಚಕ್ಕೆ 'ಬಾ ಮಾರಾಯ, ಸುಧಾರಿಸುವ' ಎಂದರೂ ದೇರಾದಲ್ಲೋ ಬರ್ ದುಬೈಯಲ್ಲೋ ಎರಡು ರಾತ್ರಿಗೆ ಸಣ್ಣ ಹೋಟೆಲ್ ಹಿಡಿಯುವುದೇ ಇಬ್ಬರಿಗೂ ಕ್ಷೇಮ. ಬಾಡಿಗೆಯ ಮೇಲೆ ಕೋಣೆಯೊಂದಕ್ಕೆ ರಾತ್ರಿಗೆ 7ರಿಂದ 20 ದಿರ್ಹಂ 'ಟೂರಿಸಂ ದಿರ್ಹಂ' ಎಂಬ ಶುಲ್ಕ ಬೇರೆ ಕೊಡಬೇಕಾಗುತ್ತದೆ.

ವೀಸಾ ಅರ್ಜಿಗೇ ಟಿಕೆಟ್ ಪ್ರತಿ ಕೇಳುವುದರಿಂದ ದಿನಾಂಕ ಬದಲಿಸಲು ಬರುವಂಥ ಟಿಕೆಟ್ಟೇ ತೆಗೆಯಿರಿ. ವೀಸಾ ತಿರಸ್ಕೃತವಾದರೆ ಅಗ್ಗದ ಟಿಕೆಟಿನ ದುಡ್ಡು ವಾಪಸು ಬಾರದು.

ಮಂಗಳೂರೋ, ಕಣ್ಣೂರೋ?

ಕಾಸರಗೋಡು ಪೇಟೆಯಿಂದ ಮಂಗಳೂರು ವಿಮಾನ ನಿಲ್ದಾಣ ಸುಮಾರು 60 ಕಿ.ಮೀ. ಮಟ್ಟನ್ನೂರಿನ ಕಣ್ಣೂರು ನಿಲ್ದಾಣ ಅದರ ಹೆಚ್ಚುಕಡಿಮೆ ದುಪ್ಪಟ್ಟು ದೂರ. ನೀಲೇಶ್ವರದಿಂದ ತೆಂಕಲಾಗಿ ಇರುವವರು ಮಾತ್ರ ಕಣ್ಣೂರನ್ನು ಯೋಚಿಸಬಹುದು. ತಲಪಾಡಿ ತನಕ ದಾರಿ ಸಲೀಸು; ಹೊತ್ತು ತಿನ್ನುವುದು ಪಂಪ್‌ವೆಲ್, ನಂತೂರು. ಅಲ್ಲಿಂದ ಕೆಪಿಟಿ, ಬೋಂದೆಲ್, ಕಾವೂರು, ಮರವೂರು ಸೇತುವೆ ದಾಟಿ ಕೆಂಜಾರು. ಚೆಕ್-ಇನ್ ಕೌಂಟರ್ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಮೂರು ಗಂಟೆ ಮುಂಚೆ ತಲುಪುವಂತೆ ಲೆಕ್ಕ ಹಾಕಿದರೆ ಸಂಜೆ ಹೊತ್ತಿನಲ್ಲಿ ಕಾಸರಗೋಡಿನಿಂದ ಐದು ಗಂಟೆ ಮೊದಲು ಹೊರಡಬೇಕು. ಮಳೆಗಾಲದಲ್ಲಿ ಗುಡ್ಡದ ಮೇಲಿನ ಆ ರನ್‌ವೇಯಲ್ಲಿ ಕಣ್ಣಿಗೆ ಏನೂ ಕಾಣದೆ ವಿಮಾನಗಳು ಬೇರೆ ಊರಿಗೆ ತಿರುಗುವುದುಂಟು; ಜುಲೈಯಲ್ಲಿ ಎರಡು ದಿನದ ಪ್ರವಾಸ ಹಾಕಿಕೊಳ್ಳುವುದು ಜೂಜು.

ಚೀಲದಲ್ಲಿ ಏನಿರಬಾರದು

ಗೆಳೆಯ ಕೇಳುವುದು ಊರಿನ ತಿಂಡಿ. ಹಲಸಿನ ಹಪ್ಪಳ, ನೇಂದ್ರ ಚಿಪ್ಸ್, ಬಾಳಕಕ್ಕೆ ತೊಂದರೆಯಿಲ್ಲ. ಮಿಡಿ ಉಪ್ಪಿನಕಾಯಿಯನ್ನು ಚೆಕ್-ಇನ್ ಚೀಲದಲ್ಲೇ ಇಡಿ. ಹೊಸ ಮಿಡಿ ಇನ್ನೂ ಹುಳಿಯುತ್ತಿದ್ದರೆ ಗಾಳಿ ತುಂಬಿ ಮುಚ್ಚಳ ಎತ್ತುತ್ತದೆ. ಹಾಗಾಗಿ ಹಳೆಯದನ್ನೇ ಆರಿಸಿ, ಬಾಟಲಿಯ ಬಾಯಿಂದ ಎರಡು ಬೆರಳು ಕೆಳಗೆ ತುಂಬಿ, ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ. ಹಿಂದಿನ ರಾತ್ರಿ ಮಗುಚಿಟ್ಟು ನೋಡಿದರೆ ಸೋರುವುದು ಮನೆಯಲ್ಲೇ ತಿಳಿಯುತ್ತದೆ.

ಕೊಬ್ಬರಿ ಬೇಡ. ಎಣ್ಣೆಯಂಶ ಇರುವುದರಿಂದ ಬೆಂಕಿ ಹಿಡಿಯುವ ವಸ್ತುವೆಂದು ವಿಮಾನದಲ್ಲಿ ನಿಷೇಧ. ಗಸಗಸೆ ಒಂದು ಚಮಚವೂ ಬೇಡ. ಯುಎಇಯಲ್ಲಿ ಅದು ಮಾದಕ ವಸ್ತುಗಳ ಪಟ್ಟಿಗೆ ಸೇರಿದ್ದು. ಪಾಯಸಕ್ಕೆಂದು ಅಮ್ಮ ಹಾಕಿಕೊಟ್ಟಿದ್ದು ಎಂಬ ಸಮಜಾಯಿಷಿ ಅಲ್ಲಿ ನಡೆಯದು. ಅಡಕೆ ಬೆಳೆಯುವ ಊರಿನವರಿಗೆ ಹೇಳಲು ಕಷ್ಟ, ಆದರೂ ಹೇಳಲೇಬೇಕು: ವೀಳ್ಯದೆಲೆ, ಹೊಗೆಸೊಪ್ಪು ಸಹಿತ ತಾಂಬೂಲದ ಸಂಚಿ ಮನೆಯಲ್ಲೇ ಇರಲಿ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ ಅನುಮತಿಯಿಲ್ಲದೆ ಒಯ್ದರೆ ಜೈಲು ಸೇರಬೇಕಾದೀತು. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ.

ನೆರೆಮನೆಯವರು 'ನಮ್ಮ ಹುಡುಗನಿಗೆ ಇದೊಂದು' ಎಂದು ಕೊಡುವ ಪೊಟ್ಟಣವನ್ನು ಅವರೆದುರೇ ಬಿಚ್ಚಿ, ನೀವೇ ಮತ್ತೆ ಕಟ್ಟಿ. ಬೇಜಾರಾದರೆ ಆಗಲಿ. ಬಿಚ್ಚಲು ಒಪ್ಪದಿದ್ದರೆ ಒಯ್ಯಬೇಡಿ.

ಅಲ್ಲಿ ಇಳಿದ ಮೇಲೆ

ಗಡಿಯಾರವನ್ನು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿ. ವಾಟ್ಸ್ಆ್ಯಪ್ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ; ಆದ್ದರಿಂದ ಗೆಳೆಯ ಎಲ್ಲಿ ನಿಲ್ಲಬೇಕೆಂಬುದನ್ನು ಊರಿನಿಂದಲೇ ಗೊತ್ತುಮಾಡಿ. ಟರ್ಮಿನಲ್ ಯಾವುದೆಂದು ಟಿಕೆಟಿನಲ್ಲಿ ನೋಡಿ ತಿಳಿಸಿ: 1 ಮತ್ತು 3ಕ್ಕೆ ಮೆಟ್ರೊ ಇದೆ, 2ಕ್ಕೆ ಇಲ್ಲ. ಮೆಟ್ರೊಗೆ ಸಿಲ್ವರ್ ನೋಲ್ ಕಾರ್ಡ್ 25 ದಿರ್ಹಂ, ಅದರಲ್ಲಿ 19 ಪ್ರಯಾಣಕ್ಕೆ. ಮೆಟ್ರೊದೊಳಗೆ ತಿಂದರೆ, ಕುಡಿದರೆ 100 ದಿರ್ಹಂ ದಂಡ. ಭಾನುವಾರ ಬೆಳಗ್ಗೆ ಮೆಟ್ರೊ ತಡವಾಗಿ ಶುರುವಾಗುತ್ತದೆ ಎಂಬುದೂ ನೆನಪಿರಲಿ. ಅಲ್ಲಿನ ಪ್ಲಗ್ಗಿಗೆ ಚೌಕ ಕಾಲಿನ ಮೂರು ಪಿನ್, ಅಡಾಪ್ಟರ್ ಒಯ್ಯಿರಿ.

ಎರಡು ದಿನದಲ್ಲಿ ಎಲ್ಲ ನೋಡುವ ಹಠ ಬೇಡ. ಅಲ್ ಫಹೀದಿಯ ಹಳೆ ಕೇರಿ, 1 ದಿರ್ಹಂ ಕೊಟ್ಟು ಅಬ್ರಾ ದೋಣಿಯಲ್ಲಿ ಕ್ರೀಕ್ ದಾಟಿ ದೇರಾ ಪೇಟೆ ಸುತ್ತಿದರೆ ಒಂದು ಸಂಜೆ ಸಾಕು. ಬರ್ ದುಬೈಯ ಹಳೆಯ ಶಿವಾಲಯ 2024ರ ಜನವರಿಯಲ್ಲಿ ಜಬಲ್ ಅಲಿಗೆ ಸ್ಥಳಾಂತರವಾಗಿದೆ. ಹಿರಿಯರ ಮಾತು ಕೇಳಿ ಹಳೇ ಜಾಗ ಹುಡುಕಬೇಡಿ.

ಮರಳುವಾಗ

ಭಾನುವಾರ ರಾತ್ರಿ 11ಕ್ಕೆ ಹೊರಟ ವಿಮಾನ ಮಂಗಳೂರು ಮುಟ್ಟುವಾಗ ನಮ್ಮ ಗಡಿಯಾರದಲ್ಲಿ ನಸುಕಿನ 4 ದಾಟಿರುತ್ತದೆ. ಒಂದು ವರ್ಷಕ್ಕೂ ಹೆಚ್ಚು ಹೊರದೇಶದಲ್ಲಿದ್ದು ಬರುವವರಿಗಷ್ಟೇ ಚಿನ್ನಾಭರಣಕ್ಕೆ ಸುಂಕ ವಿನಾಯಿತಿ. ಎರಡು ದಿನದವರಿಗೆ ಅದು ಇಲ್ಲ. 'ಈ ಸರ ಹಾಕಿಕೊಂಡು ಹೋಗಿ, ಊರಲ್ಲಿ ನಮ್ಮವರು ತೆಗೆದುಕೊಳ್ಳುತ್ತಾರೆ' ಎಂದು ಯಾರು ಹೇಳಿದರೂ ಕುತ್ತಿಗೆ ಕೊಡಬೇಡಿ. ನಿಮ್ಮದೇ ದಪ್ಪ ಸರ ತೊಟ್ಟು ಹೋಗುವುದಾದರೆ ಹೊರಡುವಾಗಲೇ ಕಸ್ಟಮ್ಸ್‌ನಲ್ಲಿ ತೋರಿಸಿ ಪ್ರಮಾಣಪತ್ರ ಪಡೆಯಿರಿ. ಕಸ್ಟಮ್ಸ್ ದಾಟಿ, ಚೀಲ ಹಿಡಿದು, ಕಾಸರಗೋಡು ಬಸ್ಸು ಹತ್ತುವಾಗ ಬೆಳಕು ಹರಿದಿರುತ್ತದೆ. ಸೋಮವಾರ ಮಧ್ಯಾಹ್ನದ ತನಕ ರಜೆ ಬರೆದಿಟ್ಟೇ ಹೋಗಿ.