ಹೆಸರು ಮುಚ್ಚಿದ ಮೇಲೆ ಜರ್ಮನಿಯ ಕೆಲಸ ದಾವಣಗೆರೆಯಲ್ಲೇ ಉಳಿಯಿತು

"ದಾವಣಗೆರೆಯಲ್ಲಿ ಕೂತು ಜಿಡಿಪಿಆರ್ ಕೆಲಸ ಆಗಲ್ಲ ಬಿಡಿ ಸಾರ್, ಬೆಂಗಳೂರಿಗೆ ಬನ್ನಿ" ಎಂದು ಮೂವರು ಹೇಳಿದ್ದರು. ಅದರಲ್ಲಿ ಒಬ್ಬರು ನನ್ನ ಆಡಿಟರ್. ಜಿಡಿಪಿಆರ್ ಅಂದರೆ ಜನರ ವೈಯಕ್ತಿಕ ಮಾಹಿತಿ ಕಾಯುವ ಯುರೋಪಿನ ಕಾನೂನು. ಈಗ ಆ ಕೆಲಸ ಎಂಸಿಸಿ ಬಿ ಬ್ಲಾಕಿನ ನಮ್ಮ ಮಹಡಿಯಲ್ಲೇ ನಡೆಯುತ್ತಿದೆ. ಹನ್ನೊಂದು ಜನ, ತಿಂಗಳಿಗೆ ಹತ್ತಿರ ಹತ್ತಿರ 9 ಸಾವಿರ ಬಿಲ್ಲುಗಳು. ಗಿರಾಕಿ ಜರ್ಮನಿಯಲ್ಲಿ ಮನೆಗಳ ಹೀಟಿಂಗ್ ರಿಪೇರಿ ಮಾಡುವ ಕಂಪನಿ. ಅವರ ಬ್ರಾಂಚುಗಳ ಬಿಲ್ಲುಗಳನ್ನೆಲ್ಲ ಒಂದೇ ಲೆಕ್ಕಕ್ಕೆ ಹತ್ತಿಸುತ್ತೇವೆ.

ಮೊದಲು ಪೆಟ್ಟು ಬಿದ್ದಿದ್ದು ಜೇಬಿಗೆ. ಯುರೋಪಿನ ಡೇಟಾ ಹೊರದೇಶಕ್ಕೆ ಕಳಿಸುವಾಗ ಹಾಕುವ ಸಿದ್ಧ ಕರಾರಿಗೆ ಎಸ್‌ಸಿಸಿ ಅನ್ನುತ್ತಾರೆ. ಹಳೆಯ ಎಸ್‌ಸಿಸಿಗಳನ್ನು 2022ರ ಡಿಸೆಂಬರ್ 27ರೊಳಗೆ ಬದಲಾಯಿಸಬೇಕಿತ್ತಲ್ವಾ, ಆಗ ಒಬ್ಬ ಕನ್ಸಲ್ಟೆಂಟ್‌ಗೆ ಸುಮಾರು 1.8 ಲಕ್ಷ ಕೊಟ್ಟೆ. ಅವರು ಬರೆದ ಅನೆಕ್ಸ್ 2 (ಕರಾರಿನಲ್ಲಿ ಭದ್ರತೆಯ ವಿವರ ಬರೆಯುವ ಅನುಬಂಧ) ತುಂಬ 'ಸೂಕ್ತ ಭದ್ರತೆ ಇದೆ' ಅನ್ನುವಂಥ ಮಾತುಗಳೇ. ಗಿರಾಕಿಯ ವಕೀಲರು ಹಾಗೇ ವಾಪಸ್ ಕಳಿಸಿದರು. ಯಾರ ಕೈಲಿ ಯಾವ ಪಾಸ್‌ವರ್ಡ್, ಯಾವ ಬಾಗಿಲಿಗೆ ಯಾವ ಬೀಗ, ಅದು ಬೇಕು ಅವರಿಗೆ. ಕೊನೆಗೆ ನಾನೇ ಕೂತು ಬರೆದೆ.

ಆಮೇಲೆ ಫ್ರಾಂಕ್‌ಫರ್ಟ್‌ನಲ್ಲಿ ಸರ್ವರ್ ಬಾಡಿಗೆಗೆ ಹಿಡಿದೆ. ತಿಂಗಳಿಗೆ 22 ಸಾವಿರದಂತೆ ಐದು ತಿಂಗಳು. ಡೇಟಾ ಜರ್ಮನಿ ಬಿಟ್ಟು ಬರುವುದೇ ಇಲ್ಲ, ಇನ್ನು ಟ್ರಾನ್ಸ್‌ಫರ್ ಎಲ್ಲಿ ಅಂದುಕೊಂಡಿದ್ದೆ. ತಪ್ಪು. ಇಲ್ಲಿಂದ ಪರದೆಯಲ್ಲಿ ನೋಡಿದರೂ ಅದು ಟ್ರಾನ್ಸ್‌ಫರೇ. ಒಂದು ಲಕ್ಷದ ಮೇಲೆ ಹೋಯಿತು.

ನಿಜವಾದ ಗಂಟು ಟಿಐಎಯಲ್ಲಿತ್ತು, ಅಂದರೆ ಡೇಟಾ ಹೋಗುವ ದೇಶದಲ್ಲಿ ಅದಕ್ಕೆ ಏನು ಅಪಾಯ ಇದೆ ಅಂತ ಅಳೆದು ಬರೆಯುವ ಕಾಗದದಲ್ಲಿ. ಯುರೋಪಿನ ಕೋರ್ಟ್ 2020ರಲ್ಲಿ ಕೊಟ್ಟ ಶ್ರೆಮ್ಸ್ 2 ತೀರ್ಪಿನ ಮೇಲೆ ಎಲ್ಲರೂ ಕೇಳುವುದು ಒಂದೇ: ನಿಮ್ಮ ಸರ್ಕಾರ ಕೇಳಿದರೆ ಏನು ಮಾಡುತ್ತೀರಿ? ಡೇಟಾ ತೆಗೆಸಿ ನೋಡುವ ಅಧಿಕಾರ ಸರ್ಕಾರಕ್ಕೆ ಕೊಡುವ ಐಟಿ ಕಾಯ್ದೆಯ 69ನೇ ಸೆಕ್ಷನ್ ಇರುವಾಗ ಕೊಡಲ್ಲ ಅಂತ ಬರೆಯೋಕೆ ಆಗಲ್ಲ. ಹಾಗಾಗಿ ಕೇಳಿದರೂ ಕೊಡೋಕೆ ನಮ್ಮ ಹತ್ತಿರ ಹೆಸರೇ ಇಲ್ಲದಂತೆ ಮಾಡಿದೆ. ಹೆಸರು, ವಿಳಾಸ, ಬ್ಯಾಂಕ್ ಖಾತೆ ಅಲ್ಲೇ ಮುಚ್ಚಿ, ಒಂದು ನಂಬರ್ ಹಾಕಿ ಕಳಿಸುತ್ತಾರೆ. ನಂಬರ್ ಯಾರದು ಅನ್ನುವ ಪಟ್ಟಿ ಅವರಲ್ಲೇ. ಎಸ್‌ಸಿಸಿ ಮಾಡ್ಯೂಲ್ 2 (ಡೇಟಾದ ಹೊಣೆ ಇರುವವರಿಗೂ ಅವರ ಪರವಾಗಿ ಕೆಲಸ ಮಾಡುವವರಿಗೂ ನಡುವಿನ ಕರಾರು) ಹೀಗಿದ್ದರೂ ಬೇಕೇ ಬೇಕು, ಅದು ತಪ್ಪುವುದಿಲ್ಲ.

ಮುಚ್ಚುವುದು ಸುಲಭ ಆಯಿತು. ಜರ್ಮನ್ ಪತ್ರಗಳಿಗೆ ಡಿಐಎನ್ 5008 ಅಂತ ಒಂದು ಅಳತೆ ಇದೆ. ಬಿ ನಮೂನೆಯಲ್ಲಿ ವಿಳಾಸದ ಜಾಗ ಮೇಲಿಂದ 45, ಎಡದಿಂದ 20 ಮಿಲಿಮೀಟರ್ ಬಿಟ್ಟು ಶುರು. ಆ ಚೌಕ ಕಪ್ಪು ಮಾಡಿದರೆ ಮುಕ್ಕಾಲು ಕೆಲಸ ಮುಗಿಯಿತು. ಷರಾ ಸಾಲಿನಲ್ಲಿ ಕೈಬರಹದ ಹೆಸರು ನುಸುಳುತ್ತವೆ. ಅದನ್ನು ಹೇಗೆ ಹಿಡಿದೆವು ಅನ್ನುವುದು ನಮ್ಮಲ್ಲೇ ಇರಲಿ.

ಇನ್ನೊಂದು ಮಾತು. ಬರೀ ಎಂಟಂಕಿ ನಂಬರ್ ಟೈಪ್ ಮಾಡುವಾಗ ತಪ್ಪು ಜಾಸ್ತಿಯಾಯಿತು, ಸಾವಿರಕ್ಕೆ ನಲವತ್ತರ ಆಸುಪಾಸು. ಕೊನೆಗೆ ನಂಬರ್ ತಪ್ಪಾಗಿ ಹೊಡೆದರೆ ತೋರಿಸಿಕೊಡುವ ಒಂದು ತಾಳೆ ಅಂಕಿ ಸೇರಿಸಿದೆವು. ಈಗ ಮೂರೋ ನಾಲ್ಕೋ.

ಟ್ರಯಲ್‌ನಲ್ಲೇ ನಮ್ಮ ಹುಡುಗನೊಬ್ಬ ಓದೋಕಾಗದ ಬಿಲ್ಲಿನ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟ. ಎದೆ ಧಸಕ್ ಎಂದಿತು. ಅವತ್ತೇ ಗಿರಾಕಿಗೆ ಫೋನ್ ಮಾಡಿ ಹೇಳಿದೆ. ಅವರು ತೆಗೆದು ನೋಡಿದರು, ಆ ಬಿಲ್ಲಿನಿಂದ ಯಾರನ್ನೂ ಗುರುತಿಸೋಕೆ ಆಗಲಿಲ್ಲ. ನಂಬಿಕೆ ಬಂದಿದ್ದೇ ಆ ದಿನ. ಮೊಬೈಲ್‌ಗಳು ಈಗ ಬಾಗಿಲ ಹೊರಗಿನ ಕಬ್ಬಿಣದ ಪೆಟ್ಟಿಗೆಯಲ್ಲಿ.

ನಮ್ಮ ದೇಶದ 2023ರ ಡೇಟಾ ರಕ್ಷಣೆ (ಡಿಪಿಡಿಪಿ) ಕಾಯ್ದೆಯ 17ನೇ ಸೆಕ್ಷನ್ ಇಂಥ ಹೊರದೇಶದ ಗುತ್ತಿಗೆಗೆ ಬಹಳಷ್ಟು ವಿನಾಯ್ತಿ ಕೊಟ್ಟಿದೆ. ಭದ್ರತೆಯ ಹೊಣೆ ಮಾತ್ರ ನಮ್ಮದೇ, ಅದಕ್ಕೆ ದಂಡ 250 ಕೋಟಿವರೆಗೂ ಇದೆ.

ಹೋದ ತಿಂಗಳು ಗಿರಾಕಿ ಮೂರು ವರ್ಷಕ್ಕೆ ಸಹಿ ಹಾಕಿದರು. ಅದೇ ಆಡಿಟರ್ ಈಗ ಚಿತ್ರದುರ್ಗದವರೊಬ್ಬರನ್ನು ನನ್ನ ಹತ್ತಿರ ಕಳಿಸಿದ್ದಾರೆ. ಅವರ ಗಿರಾಕಿ ಸ್ವಿಟ್ಜರ್‌ಲೆಂಡಿನವರು. ಅಲ್ಲಿನ ಕಾನೂನೇ ಬೇರೆ, 2023ರ ಸೆಪ್ಟೆಂಬರ್‌ನಿಂದ ಹೊಸದು. ಸೋಮವಾರ ಕಾಗದ ತರುತ್ತಾರೆ.